ಬೇರೆ ಲಕೋಟೆ

ಎಂಬತ್ತರ ಜನವರಿ. ಬಾಣಾವರದ ಹೆಣ್ಣುಮಕ್ಕಳ ಶಾಲೆ,
ಮೂರನೇ ಕ್ಲಾಸಿನ ಕೋಣೆ. ಕರಿಹಲಗೆಯ ಮೇಲೆ
ಯಾರೂ ಅಳಿಸದೆ ಬಿಟ್ಟ ಏಳರ ಮಗ್ಗಿ.
ಡೆಲ್ಲಿಗೆ ಯಾರು ಹೋಗಬೇಕೆಂದು
ರಾಜ್ಯಕ್ಕೆ ರಾಜ್ಯವೇ ಸಾಲು ನಿಂತ ದಿನ.

ನಾನು ಪಶು ಆಸ್ಪತ್ರೆಯ ಕಾಂಪೌಂಡರ್.
ಆರ್ಡರ್ ಬಂದಿತ್ತು: ಎರಡನೇ ಪೋಲಿಂಗ್ ಆಫೀಸರ್.
ಎಡಗೈ ತೋರುಬೆರಳು ಹಿಡಿ,
ಗಾಜಿನ ಕಡ್ಡಿ ಅದ್ದು, ಗೆರೆ ಎಳೆ, ಮುಂದೆ.

ದನದ ದವಡೆ ಬಿಡಿಸಿ, ಹಲ್ಲು ನೋಡಿ,
ವಯಸ್ಸು ಹೇಳಬಲ್ಲೆ, ಇವತ್ತಿಗೂ.
ಅವತ್ತು ಮಾತ್ರ ಮುಖ ನೋಡಲಿಲ್ಲ.
ಬರೀ ಬೆರಳು.
ಸುಣ್ಣ ಮೆತ್ತಿದ್ದು, ಉಗುರುಸುತ್ತಾದದ್ದು,
ಉಂಗುರ ಅಡವಿಟ್ಟ ಕಡೆ ಬೆಳ್ಳಗಿನ ಬಳೆ ಉಳಿದದ್ದು.

ಮೂರು ಗಂಟೆ ದಾಟಿರಬೇಕು,
ಗಂಗಹುಚ್ಚಮ್ಮ ಬಂದಳು.
ಸೀರೆ ತುಂಬ ತೆಂಗಿನ ನಾರಿನ ಧೂಳು,
ಸೆರಗಿನ ಗಂಟಲ್ಲಿ ಚೀಟಿ.
ಹೆಸರು ಕೂಗಿದರು. ಪಟ್ಟಿಯಲ್ಲಿ ಆಗಲೇ ಗೀಟು.
"ನಿಮ್ಮದು ಬೆಳಿಗ್ಗೆಯೇ ಆಗಿದೆಯಮ್ಮ."

ಅವಳು ಎಡಗೈ ಚಾಚಿದಳು. ಗೆರೆಯಿಲ್ಲ.
ಏಜೆಂಟರಿಬ್ಬರೂ ಒಟ್ಟಿಗೇ ಎದ್ದು ಕೂಗಾಡಿದರು,
ಅವಳ ಪರವಾಗಿ ಅಲ್ಲ.
ಅವಳು ಕೇಳಿದ್ದು ಇಷ್ಟು:
"ಆಗ್ಲಿ ಸಾಮಿ, ನನ್ನ ಹೆಸರಿನೋಳು ಬಂದಿದ್ಲಲ್ಲ,
ಯಾವುದಕ್ಕೆ ಒತ್ತಿದ್ಲು, ಅದನ್ನಾದ್ರೂ ಹೇಳಿ."

ನನಗೆ ನೆನಪಾಯಿತು.
ಒಂಬತ್ತರ ಹೊತ್ತಿಗೆ ಒಂದು ಬೆರಳು,
ಮೆತ್ತಗೆ, ಗೋರಂಟಿ ಹಚ್ಚಿದ್ದು,
ಹಗ್ಗ ಹೊಸೆದವರದಲ್ಲ.
ನಾನೇ ಹಿಡಿದಿದ್ದೆ. ನಾನೇ ಗೆರೆ ಎಳೆದಿದ್ದೆ.
ಬಾಯಿ ಬಿಡಲಿಲ್ಲ.

ಪ್ರಿಸೈಡಿಂಗ್ ಆಫೀಸರ್ ಪುಸ್ತಕ ತಿರುವಿ
ಕಾನೂನು ಹುಡುಕಿದರು: ಟೆಂಡರ್ ಓಟು.
ಹೆಬ್ಬೆಟ್ಟು ಒತ್ತಿಸಿದರು. ಗೆರೆಯೇ ಮೂಡಲಿಲ್ಲ,
ನಾರು ತಿಂದ ಬೆರಳು; ಮೂರು ಸಲ ಒತ್ತಿ
ಕೊನೆಗೆ ಮಸಿಯ ಗುಂಡು ಕಲೆಯೇ ಸಾಕೆಂದರು.

ಮರೆಗೆ ಹೋಗಿ ಮೊಹರು ಹಾಕಿ ಬಂದಳು,
ಸೀದಾ ಡಬ್ಬದ ಕಡೆ ನಡೆದಳು.
"ಅಲ್ಲಿ ಬೇಡ, ಇಲ್ಲಿ ಕೊಡಿ."
ಲಕೋಟೆಗೆ ಹಾಕಿ, ಅರಗು ಕಾಯಿಸಿ, ಸೀಲು ಒತ್ತಿದರು.
"ಎಲ್ಲಾರ್ದೂ ತಗಡಿನ ಡಬ್ಬಕ್ಕೆ, ನಂದು ಬೇರೆನಾ?"
"ಬೇರೆ" ಎಂದೆ ನಾನು.
ಅವಳು ಮುಖ ಅರಳಿಸಿ ಹೋದಳು.

ಲಕೋಟೆ ಎಣಿಕೆಗೆ ಬರುವುದಿಲ್ಲ.
ಒಡೆಯುವುದೂ ಇಲ್ಲ.
ಗೆದ್ದವರು ಸಾವಿರಗಟ್ಟಲೆ ಅಂತರದಲ್ಲಿ ಗೆದ್ದರು;
ಒಂದು ಓಟು ಅತ್ತಿತ್ತ ಆಗಿದ್ದರೆ
ಏನೂ ಆಗುತ್ತಿರಲಿಲ್ಲ. ಇದನ್ನು ನನಗೆ ನಾನೇ
ಬಹಳ ಸಲ ಹೇಳಿಕೊಂಡಿದ್ದೇನೆ.

ನಾಲ್ಕು ವರ್ಷ ಕಳೆದು ಅರಸೀಕೆರೆ ಸಂತೆಯಲ್ಲಿ
ಕರು ಕಟ್ಟಲು ಹಗ್ಗ ಕೊಳ್ಳಹೋದೆ.
ಅವಳೇ. ಗುರುತು ಹಿಡಿದಳು,
ನನ್ನ ಮುಖ ಅವಳು ಅವತ್ತೇ ನೋಡಿಕೊಂಡಿದ್ದಳು.
"ನಂದು ಬೇರೆ ಮಡಗಿದ್ರಲ್ಲ ಸಾಮಿ,
ಜೋಪಾನವಾಗೈತಾ?"

ಐತೆ, ಅಂದೆ.

ಐದು ಮೊಳಕ್ಕೆ ದುಡ್ಡು ತಗೊಂಡು
ಆರು ಅಳೆದಳು.