ವೆಲ್ಸ್ ಎಂಬ ಖಾನೆ

ಅವಾಲಿಯ ಹಳೇ ಆಫೀಸು, ರೆಕಾರ್ಡು ರೂಮು.
ಏಸಿ ಕೆಮ್ಮುತ್ತದೆ, ನಾನೂ.
ಕಂಪ್ಯೂಟರಿಗೆ ಉಣಿಸುವ ಮೊದಲು
ಕಾಗದಗಳನ್ನು ಅಕ್ಷರದ ಸಾಲಿಗೆ ನಿಲ್ಲಿಸುವುದು ನನ್ನ ಕೆಲಸ.
ಈ ವಾರ ಡಬ್ಲ್ಯೂ.
ಈ ವಾರ ಪೂರ್ತಿ ವೆಲ್ಸ್.

ವೆಲ್ಸ್ ಅಂದರೆ ಬಾವಿಗಳು.
ಒಬ್ಬನೇ ಮನುಷ್ಯ, ಹೆಸರು ಬಹುವಚನ;
ನಾವು ಗೌರವಕ್ಕೆ ‘ಅವರು’ ಅನ್ನುವಂತೆ ಇರಬೇಕು
ಅಂದುಕೊಂಡು ಮುಂದಕ್ಕೆ ಹೋದೆ.

ಕ್ಲಿಫರ್ಡ್ ವೆಲ್ಸ್, ಕೊರೆಯುವ ಗ್ಯಾಂಗಿನ ಮೇಸ್ತ್ರಿ,
ಎರಡು ಬೆರಳು ಕಡಿಮೆ, ಪರಿಹಾರದ ರಸೀದಿ ಲಗತ್ತು.
ಮ್ಯೂರಿಯಲ್ ವೆಲ್ಸ್, ಆಸ್ಪತ್ರೆಯ ನರ್ಸು,
ಹೆರಿಗೆ ರಿಜಿಸ್ಟರಿನ ತುಂಬ ಅವಳದೇ ಓರೆ ಸಹಿ.
ವೆಲ್ಸ್ ಕಪ್, ಬೆಳ್ಳಿಯದು, ಕ್ರಿಕೆಟ್ಟಿಗೆ; ಕಾಣೆ.
ವೆಲ್ಸ್ ಅಂಡ್ ಸನ್ಸ್ ಪಂಪು: ವಾಷರಿಗಾಗಿ ಬರೆದ ಪತ್ರ ಹನ್ನೊಂದು,
ಉತ್ತರ ಒಂದು, ಆ ಸೈಜು ಈಗ ಮಾಡುತ್ತಿಲ್ಲ.
ವೆಲ್ಸ್ ಲೇನು, ಆರು ಮನೆ, ಒಂದು ಬೇವಿನ ಮರ.
ಕ್ಲಬ್ಬಿನ ನಾಯಿಗೂ ವೆಲ್ಸ್ ಅಂತಲೇ ಲೈಸೆನ್ಸು!
ಇವರ ನಡುವೆ ನುಸುಳಿ ಕೂತ
ನಿಜವಾದ ಬಾವಿಗಳು, ನಂಬರು ಹದಿನೇಳು, ನಂಬರು ನಲವತ್ತು,
ಯಾರ ಅಡ್ಡಹೆಸರೂ ಆಗದೆ
ಬರೇ ಎಣ್ಣೆ ಕೊಟ್ಟು ಬತ್ತಿದವು.

ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಬಾವಿಕಟ್ಟಿ.
ಇಲ್ಲಿ ಅದು ಬಾವಿ, ಬಾಬಿ,
ಒಮ್ಮೆ ಬ್ಯಾಂಕಿನವನ ಬಾಯಲ್ಲಿ ಬೇಬಿ ಕಿಟ್ಟಿ.
ಅವರು ಬಾವಿ, ನಾವು ಸೇದುವವರು
ಕೊಡ ಇಳಿಸಿ ಕೂತು ಮಾತಾಡುವ ಕಲ್ಲು
ಎಂದು ಮ್ಯಾನೇಜರಿಗೆ ವಿವರಿಸಹೋಗಿ
ಚಹಾ ಆರಿತು.

ಗುರುವಾರ, ತಳದ ಫೈಲಿನಲ್ಲಿ,
ಪಿನ್ನು ತುಕ್ಕು ಹಿಡಿದ ಒಂದು ಕೂಲಿಚೀಟಿ:
‘ವೆಲ್ಸ್, ಕಲ್ಲಪ್ಪ. ರಿಗ್ಗರ್. ಊರು ರೋಣ.’
ಇಸವಿ ಐವತ್ತಮೂರು.
ಅಡಿಯಲ್ಲಿ ಹೆಬ್ಬೆಟ್ಟು.

ಯಾವ ಗುಮಾಸ್ತನ ಚೇಷ್ಟೆಯೋ.
ಹಾಗಂದರೇನಯ್ಯ, ಅಂತ ಕೇಳಿರಬೇಕು.
ಕಲ್ಲಪ್ಪ ಬರಿಗೈಯಲ್ಲಿ ಹಗ್ಗ ಸೇದಿ ತೋರಿಸಿರಬೇಕು.
ನಕ್ಕು ಬರೆದುಕೊಂಡಿರಬೇಕು,
ಕಟ್ಟೆ ಕೆಡವಿ, ಬಾವಿಯೊಂದನ್ನೇ.
ನಮ್ಮವನೋ ಅಲ್ಲವೋ. ಊರಿಗೆ ಫೋನು ಹಚ್ಚಿದೆ.
‘ಯಾವ ಕಲ್ಲಪ್ಪನಪಾ, ಓಣಿಗೆ ನಾಕು ಮಂದಿ ಅದಾರ’
ಅಂದಳು ಚಿಗವ್ವ.

ಅದೇ ಮಧ್ಯಾಹ್ನ ಇಂಗ್ಲೆಂಡಿನ ಟಪಾಲು.
ಒಬ್ಬ ಮೊಮ್ಮಗಳು: ಅಜ್ಜ ವೆಲ್ಸ್ ಅಲ್ಲಿದ್ದರಂತೆ,
ಮೊದಲ ಹೆಸರು ಅಮ್ಮನಿಗೂ ನೆನಪಿಲ್ಲ,
ಇದ್ದುದೆಲ್ಲ ಕಳಿಸಿ.

ಕಳಿಸಿದೆ. ಮೇಸ್ತ್ರಿಯನ್ನು, ಪಂಪನ್ನು, ನಾಯಿಯನ್ನು.
ಕಲ್ಲಪ್ಪನನ್ನೂ ಜೆರಾಕ್ಸಿನ ಗಾಜಿನ ಮೇಲೆ
ಬೋರಲು ಮಲಗಿಸಿದೆ.
ಹೆಬ್ಬೆಟ್ಟಿನ ಗೆರೆಗಳು ಸುತ್ತಿ ಸುತ್ತಿ
ಒಳಕ್ಕೆ ಇಳಿದಿದ್ದವು,
ಮೇಲಿನಿಂದ ಬಗ್ಗಿ ನೋಡಿದ ಹಾಗೆ.

ಇಲ್ಲಿ ಕಡಲ ತಳದಲ್ಲೇ ಸಿಹಿನೀರು ಉಕ್ಕುತ್ತಿತ್ತಂತೆ;
ಮುತ್ತಿಗೆ ಮುಳುಗುವವರು ಚರ್ಮದ ಚೀಲಕ್ಕೆ ಹಿಡಿದು
ಉಪ್ಪು ತಾಗಿಸದೆ ಮೇಲೆ ತರುತ್ತಿದ್ದರಂತೆ.
ವಾಚ್‌ಮನ್ ಮರ್ಹೂನ್ ಹೇಳುತ್ತಾನೆ,
ಅವನಜ್ಜ ಕುಡಿದಿದ್ದನಂತೆ.
ಆ ಬಾವಿಗಳಿಗೂ ನನ್ನಲ್ಲಿ ಫೈಲಿಲ್ಲ.

ಮೂಲಚೀಟಿ ಇನ್ನೂ ಮೇಜಿನ ಮೇಲಿದೆ.
ಡಬ್ಲ್ಯೂಗೆ ಹಾಕಿದರೆ ಸುಳ್ಳು,
ಬಿಗೆ ಹಾಕಲು ಸಾಕ್ಷಿ ಇಲ್ಲ.
ಭಾನುವಾರದಿಂದ ಎಕ್ಸ್.
ಎಳೆದು ನೋಡಿದೆ: ಖಾಲಿ ಖಾನೆ,
ಒಂದು ಸತ್ತ ಹಲ್ಲಿಮರಿ,
ಬೇಕಾದಷ್ಟು ಜಾಗ.