ಬಡ್ಡಿ ಬಿಟ್ಟು

ಈರಿಯಲ್ಲಿ ನವೆಂಬರಿಗೇ ರಸ್ತೆಗೆ ಉಪ್ಪು ಎರಚುತ್ತಾರೆ.
ಹಿಮ ಕರಗುತ್ತದೆ, ಲಾರಿ ದಾಟುತ್ತದೆ,
ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ.
ಸೇತುವೆಯ ಸಂದಿಗಿಳಿದು ಕೂತು
ಒಳಗೊಳಗೇ ಕಬ್ಬಿಣ ಮೇಯುತ್ತದೆ.

ಅದನ್ನು ನೋಡಿ ಬರೆಯಲೆಂದೇ ಕೌಂಟಿ
ಸಂಬಳ ಕೊಟ್ಟು ಇಟ್ಟುಕೊಂಡವನು ವೆಂಡೆಲ್ ಸ್ವಿಟೆಕ್.
ಸುತ್ತಿಗೆಯಲ್ಲಿ ತಟ್ಟುವುದು, ಕಿವಿಗೊಟ್ಟು ಕೇಳುವುದು,
ಮೂವತ್ತೊಂದು ವರ್ಷದ ಕೆಲಸ.
ಕೊನೆಯ ಆರು ವರ್ಷ
ಗುತ್ತಿಗೆದಾರನ ಲಕೋಟೆ ಎಣಿಸಿ
ಕಾರಿನೊಳಗೇ ಕೂತು ಬರೆದ:
ತುಕ್ಕು, ಇಲ್ಲ.

ಮಾರ್ಚ್ ತಿಂಗಳ ಒಂದು ನಸುಕು.
ಬ್ರೆಡ್ಡಿನ ವ್ಯಾನು. ಒಳಗೆ ಇಬ್ಬರು.

ಆಮೇಲೆ ಕಾನೂನು ಬಂತು.
ಬೇಡವೆಂದು ಯಾರು ಕೈ ಎತ್ತಿಯಾರು? ನಾನೂ ಎತ್ತುತ್ತಿರಲಿಲ್ಲ.
ಘೋರ ಅಪರಾಧ ಸಾಬೀತಾದ ನೌಕರನಿಗೆ ಪಿಂಚಣಿಯಿಲ್ಲ,
ಅವನೇ ಕಟ್ಟಿದ ಕಂತು ವಾಪಸು,
ಬಡ್ಡಿ ಬಿಟ್ಟು.
ಪತ್ರ ಟೈಪು ಮಾಡಿದವಳು ನಾನು, ಮೂರನೇ ಕೌಂಟರಿನವಳು.
ಒಂದು ಅಲ್ಪವಿರಾಮವೂ ತಪ್ಪಿಲ್ಲ.

ಇವತ್ತು ಅದನ್ನು ನಾಲ್ಕು ಮಡಿಕೆ ಮಾಡಿ ಹಿಡಿದು
ಅವನ ಹೆಂಡತಿ ರೋಸಾನ್ ಬಂದಿದ್ದಾಳೆ.
ಅಳುವಿಲ್ಲ, ಜಗಳವಿಲ್ಲ. ಬೂಟಿನ ಅಂಚಿಗೆ ಬಿಳಿ ಗೆರೆ.
"ಆ ವ್ಯಾನಿನ ಹುಡುಗನ ತಾಯಿ ನಮ್ಮ ಚರ್ಚಿನವಳೇ.
ನಾನೀಗ ಹಿಂದಿನ ಸಾಲಿನಲ್ಲಿ ಕೂರುತ್ತೇನೆ.
ಅವನನ್ನು ಬಿಡಿ, ಮಾಡಿದ್ದು ಉಣ್ಣಲಿ.
ಒಂದು ಲೆಕ್ಕ ಹೇಳಿ, ಸಾಕು.
ದಿನಾ ಐದಕ್ಕೆದ್ದು ಬುತ್ತಿ ಕಟ್ಟಿದೆ.
ಮೊದಲ ಇಪ್ಪತ್ತೈದು ವರ್ಷ ಅವನು
ಸುತ್ತಿಗೆ ಹಿಡಿದೇ ಹೋಗುತ್ತಿದ್ದ.
ಆ ಬುತ್ತಿಗಳೂ ರದ್ದಾ?"

ನನ್ನ ನುಡಿಯಲ್ಲೊಂದು ಗಾದೆಯಿದೆ,
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಕಾನೂನು ಹೇಳುವುದೂ ಅದನ್ನೇ, ಇಪ್ಪತ್ತೆರಡು ಪುಟದಲ್ಲಿ.
ಕಬ್ಬಿಣವೂ ಉಪ್ಪು ತಿಂದೇ ಹೊಳೆಯ ನೀರು ಕುಡಿಯಿತು.
ಆ ಇಬ್ಬರು ಏನು ತಿಂದಿದ್ದರು?
ಬರೀ ನೀರು ಕುಡಿದರು.
ಇನ್ನು ಬಡಿಸಿದವಳು...
ಗಾದೆ ಅವಳ ಮಾತೇ ಎತ್ತುವುದಿಲ್ಲ.

"ಇಲ್ಲಿ ಸಹಿ," ಎಂದೆ.
ಪೆನ್ನು ಕೇಳಿದಳು. ಕೊಟ್ಟೆ.
ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿಯೇ ಮರಳಿಸಿದಳು.

ಅವಳು ಹೋದ ಮೇಲೆ ನೆಲದ ನೀರಾರಿ
ಬೂಟಿನಷ್ಟೇ ಅಗಲದ ಎರಡು ಬಿಳಿ ಗುರುತು.
ಒರೆಸುವವನು ಆರಕ್ಕೆ ಬರುತ್ತಾನೆ.

ನನ್ನ ಮನೆ ಹೊಳೆಯಾಚೆ.
ಹೊಸ ಸೇತುವೆಯ ಮೇಲೆ ಕಾರು ನಿಧಾನ ಮಾಡಿ
ಈ ಚಳಿಯಲ್ಲೂ ಗಾಜಿಳಿಸುತ್ತೇನೆ,
ಕಿವಿಗೊಟ್ಟು.