ಹನ್ನೊಂದನೆಯ ಹಲಗೆ

ಕಾರ್ಪೆಟ್ಟು ಸುತ್ತಿ ಹೊರಗಿಟ್ಟ ಮೇಲೆ ತಿಳಿಯಿತು
ಈ ಮನೆ ಇಷ್ಟು ದಿನ ಬಾಯಿಗೆ ಬಟ್ಟೆ ತುರುಕಿಕೊಂಡೇ
ಮಾತಾಡುತ್ತಿತ್ತು ಎಂದು.
ಈಗ ಬರೀ ಹಲಗೆ. ಕಾಲಿಟ್ಟರೆ ಕಿರ್ರ್,
ಕಾಲೆತ್ತಿದರೆ ಅದಕ್ಕೊಂದು ಎದುರುತ್ತರ.

ಶೆಫೀಲ್ಡಿನ ವಾಕ್ಲಿ ಗುಡ್ಡದ ಇಳಿಜಾರಿನಲ್ಲಿ
ಒಂದರ ಭುಜಕ್ಕೊಂದು ಆತು ನಿಂತ ಸಾಲುಮನೆ.
ನೂರಹತ್ತು ವರ್ಷದ ಪೈನ್ ಮರ,
ಅಂಚಿಗಷ್ಟೇ ಯಾರೋ ಬಳಿದ ಕಪ್ಪು ವಾರ್ನಿಷು,
ನಡುವೆ, ಜಮಖಾನ ಹಾಸಿದ್ದ ಕಡೆ, ಬಣ್ಣವೇ ಇಲ್ಲ.
ಕಾಣದ ಕಡೆ ಕಾಸು ಬಿಚ್ಚದವರು. ನನಗೆ ಹಿಡಿಸಿದರು.

ಪಕ್ಕದ ಮನೆಯ ಹೆಡ್ಲಿ ಬಂದ.
ಮೂವತ್ತು ವರ್ಷ ಬಡಗಿ, ಈಗ ಮಂಡಿ ಬಗ್ಗುವುದಿಲ್ಲ.
ಬಾಗಿಲಲ್ಲೇ ಕುರ್ಚಿ ಹಾಕಿ, ಚಹಾ ಹಿಡಿದು,
ಕಿವಿಯಿಂದಲೇ ರೋಗ ಹೇಳಿದ:
"ಅಳೋದು ಹಲಗೆ ಅಲ್ಲ ಲವ್, ಮೊಳೆ."
(ಈ ಊರಲ್ಲಿ ಬಸ್ಸಿನ ಡ್ರೈವರೂ ಹಾಗೇ ಕರೆಯುತ್ತಾನೆ,
ಮೊದಲ ವರ್ಷ ಗಾಬರಿ, ಈಗ ಬೇಕೆನಿಸುತ್ತದೆ.)
"ಮರ ಒಣಗಿದೆ, ಮೊಳೆಯ ತೂತು ಸಡಿಲವಾಗಿದೆ,
ನೀನು ತುಳಿದಾಗೆಲ್ಲ ಹತ್ತಿ ಇಳಿಯುತ್ತೆ.
ಕಿತ್ತು ತಿರುಪು ಹಾಕು, ತೊಲೆಗೆ ಸರಿಯಾಗಿ.
ಕಿಟಕಿ ಹತ್ತಿರ ಮಾತ್ರ ಗಿಡ್ಡದ್ದು,
ಕೆಳಗೆ ರೇಡಿಯೇಟರಿನ ಕೊಳವೆ ಇದೆ.
ನನ್ನ ಮನೇಲಿ ತೂತು ಮಾಡಿದ್ದೀನಿ, ಅದಕ್ಕೇ ಗೊತ್ತು."

ಹಲಗೆಗೆ ಹಲಗೆ ಉಜ್ಜುವ ಕಡೆ ಪೌಡರ್ ಸುರಿ ಅಂದ.
ಸುರಿದೆ. ಹಳೇ ಟೂತ್‌ಬ್ರಶ್ಶಿನಲ್ಲಿ ಸಂದಿಗೆ ತಳ್ಳಿದೆ.
ಕೋಣೆಯೆಲ್ಲ ಎರೆದು ಮಲಗಿಸಿದ ಕೂಸಿನ ವಾಸನೆ.

ಇನ್ನು ಗುರುತು ಹಾಕಬೇಕು, ಎಲ್ಲೆಲ್ಲಿ ಎಂದು.
ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ನಾನು,
ಹೆಜ್ಜೆ ಇಡಲು ಮೇದಿನಿ. ಹದಿನಾರು ವರ್ಷ,
ಕಿವಿಯಲ್ಲಿ ಇಯರ್‌ಫೋನು, ಮುಖದಲ್ಲಿ ಉಪಕಾರ.

ತನ್ನ ಕೋಣೆಯಿಂದ ಮೆಟ್ಟಿಲ ತಲೆಯವರೆಗೆ ನಡೆದಳು.
ಸದ್ದಿಲ್ಲ.
ಇನ್ನೊಂದು ಸಲ ಅಂದೆ.
ಸದ್ದಿಲ್ಲ. ಗೋಡೆ ಪಕ್ಕ ಎರಡು ಹೆಜ್ಜೆ, ಒಂದು ದೊಡ್ಡ ದಾಟು,
ಬಚ್ಚಲ ಹೊಸಿಲ ಮೇಲೆ ಬೆರಳ ತುದಿ, ಮತ್ತೆ ಗೋಡೆ.
ಬೆಕ್ಕು ಕೂಡ ಈ ಮನೆಯಲ್ಲಿ ಹಾಗೆ ನಡೆದದ್ದಿಲ್ಲ.

ಸೀಮೆಸುಣ್ಣ ನನ್ನ ಕೈಯಲ್ಲಿ ಹಾಗೇ ನಿಂತಿತು.
ಅವಳ ಕಾಲೂ.
ಹೆಡ್ಲಿ ಚಹಾದೊಳಗೆ ಏನೋ ಬಿದ್ದಂತೆ ನೋಡುತ್ತ ಕೂತ.

ಎಷ್ಟು ರಾತ್ರಿ? ಎಲ್ಲಿಗೆ? ಯಾರ ಜೊತೆ?
ನಾಲಗೆ ತುದಿಯಲ್ಲಿ ಮೂರು ಮೊಳೆ.

ಅವಳೇ ಇಯರ್‌ಫೋನು ಕಿತ್ತು, ಬಗ್ಗಿ,
ಸೀಮೆಸುಣ್ಣ ಇಸಿದುಕೊಂಡು ಗೀಚುತ್ತ ಹೋದಳು
ಮಗ್ಗಿ ಒಪ್ಪಿಸುವವಳ ಹಾಗೆ:
"ಇದು ಮೂರು. ಇದು ಐದು, ಚಳಿಗಾಲದಲ್ಲಿ ಮಾತ್ರ.
ಏಳು ಮೆಟ್ಟಿದರೆ ಎಂಟು ಕೂಗತ್ತೆ, ಏಳು ಸುಮ್ಮನಿರತ್ತೆ.
ಇದು ಹನ್ನೊಂದು. ಇದು ನಿಂದು."

ನನ್ನದೇ?

"ಮೂರು ಗಂಟೆಗೆ ಎದ್ದು ಕಿಟಕಿ ತನಕ ಹೋಗ್ತೀಯಲ್ಲ.
ಅಲ್ಲೇ ನಿಲ್ತೀಯ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ.
ಕಿರ್ರ್. ತುಂಬಾ ಹೊತ್ತಾದ ಮೇಲೆ, ಕಿರ್ರ್.
ಹೋದ ನವೆಂಬರಿಂದ. ನಾನು ಎಣಿಸ್ತಾ ಮಲಗ್ತೀನಿ."

ಹೊರಗೆ ಬಸ್ಸು ಗುಡ್ಡ ಹತ್ತುತ್ತ ಗೇರು ಬದಲಿಸಿತು.
ಹೆಡ್ಲಿ ಲೋಟ ಇಟ್ಟು, ಹೆಂಡತಿ ಕರೆದಳೆಂದು ಹೋದ.
ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ.

ಸಂಜೆಯೊಳಗೆ ನಲವತ್ತೆರಡು ತಿರುಪು.
ಕಿತ್ತ ಮೊಳೆಗಳು ಬಿಸ್ಕತ್ತಿನ ಡಬ್ಬಿಯಲ್ಲಿ,
ಚಪ್ಪಟೆ ತಲೆ, ತುಕ್ಕು, ಒಂದೊಂದೂ ತನ್ನದೇ ಡೊಂಕು.
ಕೊನೆಗೆ ಉಳಿದದ್ದು ಕಿಟಕಿ ಪಕ್ಕದ್ದು. ಗಿಡ್ಡದ್ದು ಎರಡು.

ಇದೊಂದು ಬಿಟ್ಟುಬಿಡಲಾ, ಅಂದೆ.
"ಬೇಡ, ಹಾಕು," ಅಂದಳು ಹಲಗೆ ಒತ್ತಿ ಹಿಡಿದು.
"ಎಚ್ಚರ ಆದ್ರೆ ನನ್ನ ಬಾಗಿಲು ತಟ್ಟು."

ನೀನೂ, ಅಂದೆ,
ಹಲ್ಲಲ್ಲಿ ತಿರುಪು ಕಚ್ಚಿಕೊಂಡೇ, ಬಾಯೆಲ್ಲ ಕಬ್ಬಿಣದ ರುಚಿ.
ಕೇಳಿಸಿತೋ ಇಲ್ಲವೋ.
ಡ್ರಿಲ್ಲು ಶುರುವಾಗಿತ್ತು.